ಪಿಸ್ತೂಲ್ ಅಂಚು ಉಜ್ಜಿಸೋ ಮುನ್ನ ಇದನ್ನು ಓದಿ: ನಂಬರ್ ಅಳಿಸಿದ್ರೆ ಮಾಲೀಕರಿಗೇ ಸಂಕಷ್ಟ

ಚಿನ್ನದ ಅಂಗಡಿ, ಪೆಟ್ರೋಲ್ ಬಂಕ್, ಎಸ್ಟೇಟ್ ನಡೆಸುವ ಕೆಲವರ ಬಳಿ ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದ .32 ರಿವಾಲ್ವರ್ ಅಥವಾ ಪಿಸ್ತೂಲ್ ಇರುತ್ತದೆ. ಸೊಂಟದಲ್ಲಿ ಇಟ್ಟುಕೊಂಡು ಓಡಾಡುವಾಗ ಅಂಚು ಚುಚ್ಚುತ್ತದೆ, ಅಂಗಿಗೆ ಸಿಕ್ಕಿಕೊಳ್ಳುತ್ತದೆ, ಟ್ರಿಗರ್ ಬಿಗಿ ಅನ್ನಿಸುತ್ತದೆ. ಆಗ 'ಗೊತ್ತಿರೋ ಲೇತ್ ಅಂಗಡಿಯವನ ಹತ್ರ ಸ್ವಲ್ಪ ಉಜ್ಜಿಸಿಬಿಡೋಣ' ಎಂಬ ಯೋಚನೆ ಬರುವುದು ಸಹಜ. ಆದರೆ ಇದು ಮಿಕ್ಸಿ ರಿಪೇರಿ ಮಾಡಿಸಿದಷ್ಟು ಸಲೀಸಲ್ಲ. ಕೆಲಸ ಕೆಟ್ಟರೆ ಜೀವಕ್ಕೆ ಅಪಾಯ, ತಪ್ಪು ಜಾಗದಲ್ಲಿ ಮಾಡಿಸಿದರೆ ಜೈಲು.

ಏನಿದು ಅಂಚು ಉಜ್ಜುವ ಕೆಲಸ?

ಇದು ದೊಡ್ಡ ಕಸುಬಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಸೇನೆ 1911ರಲ್ಲಿ ಒಪ್ಪಿಕೊಂಡ .45 ಕೋಲ್ಟ್ ಪಿಸ್ತೂಲ್ ಬೆಲ್ಟಿನ ಚರ್ಮದ ಚೀಲದಲ್ಲಿ ಇಡಲೆಂದು ಮಾಡಿದ್ದು. ಮುಂದೆ ಅದನ್ನೇ ಜನ ಅಂಗಿಯ ಒಳಗೆ ಇಟ್ಟುಕೊಳ್ಳತೊಡಗಿದಾಗ ಚೂಪಾದ ಮೂಲೆಗಳು ಕಾಟ ಕೊಟ್ಟವು. ಕ್ಯಾಲಿಫೋರ್ನಿಯಾದ ಆರ್ಮಂಡ್ ಸ್ವೆನ್ಸನ್ ಅವರಂಥ ಕುಶಲಕರ್ಮಿಗಳು ಈ ಪಿಸ್ತೂಲನ್ನು ಗಿರಾಕಿಯ ಕೈಗೆ ತಕ್ಕಂತೆ ತಿದ್ದಿಕೊಡುವುದರಲ್ಲೇ ಹೆಸರು ಮಾಡಿದರು.

ಸ್ಲೈಡಿನ ಅಂಚು, ಹಿಂದಿನ ಗುರಿಕಣ್ಣಿನ ಮೂಲೆ, ಸೇಫ್ಟಿ ಲಿವರ್ ಇವನ್ನು ಅರ ಮತ್ತು ಸಾಣೆಕಲ್ಲಿನಿಂದ ನಿಧಾನಕ್ಕೆ ದುಂಡಗೆ ಮಾಡುತ್ತಾರೆ. ಬಳಸಿ ಸವೆದ ಸೋಪಿನ ಹಾಗೆ ಆಗಬೇಕು ಎನ್ನುವುದು ಆ ಕಸುಬಿನವರ ಮಾತು. ಆದರೆ ಗುರಿ ನೋಡುವ ಗೆರೆ, ಸ್ಲೈಡ್ ಹಿಡಿದು ಎಳೆಯುವ ಕಚ್ಚುಗಳು ಚೂಪಾಗಿಯೇ ಉಳಿಯಬೇಕು.

ಉಜ್ಜಿದ ಜಾಗದಲ್ಲಿ ಕಪ್ಪು ಲೇಪ ಹೋಗಿ ಬರಿ ಉಕ್ಕು ಉಳಿಯುತ್ತದೆ. ಮತ್ತೆ ಲೇಪ ಹಾಕದಿದ್ದರೆ ಸೊಂಟದ ಬೆವರಿಗೆ, ಮಳೆಗಾಲದ ತೇವಕ್ಕೆ ಬೇಗನೆ ತುಕ್ಕು ಹಿಡಿಯುತ್ತದೆ. ಅಂದರೆ ಅರ್ಧ ಕೆಲಸ ಉಜ್ಜುವುದು, ಇನ್ನರ್ಧ ಲೇಪ.

ಒಳಗೆ ಕೈ ಹಾಕಿದ್ರೆ ಅಪಾಯ

ಹೊರಗಿನ ಅಂಚು ಒಂದು ಲೆಕ್ಕ, ಟ್ರಿಗರ್ ಹಗುರ ಮಾಡಿಸುವುದು ಬೇರೆಯೇ ಲೆಕ್ಕ. ಕುದುರೆ ಎಳೆದಾಗ ಅದು ಒಳಗಿನ ಚಿಕ್ಕ ಕೊಕ್ಕೆಯ ಮೇಲೆ ನಿಲ್ಲುತ್ತದೆ. 1911 ಮಾದರಿಯಲ್ಲಿ ಈ ಹಿಡಿತ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕೋನ ಸ್ವಲ್ಪ ತಪ್ಪಿದರೂ, ಗಟ್ಟಿ ಮಾಡಿದ ಮೇಲ್ಪದರ ಸವೆದರೂ ಕುದುರೆ ತಾನಾಗಿ ಜಾರಬಹುದು. ಆಗ ಪಿಸ್ತೂಲ್ ಕೆಳಗೆ ಬಿದ್ದರೂ ಸಾಕು, ಗುಂಡು ಹಾರುವ ಅಪಾಯವಿದೆ.

ಗುಂಡು ಒಳಗೆ ಜಾರುವ ಇಳಿಜಾರನ್ನು ಪಾಲಿಶ್ ಮಾಡುವಾಗಲೂ ಅಷ್ಟೇ. ಹೊಳಪು ಬರಬೇಕೇ ಹೊರತು ಲೋಹ ಹೋಗಬಾರದು. ಜಾಸ್ತಿ ಕೊರೆದರೆ ತೋಟೆಯ ಹಿಂಭಾಗಕ್ಕೆ ಆಸರೆ ತಪ್ಪಿ, ಹಾರಿಸುವಾಗ ಕೈಯಲ್ಲೇ ಸಿಡಿಯಬಹುದು.

ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಬಂದೂಕು ರಿಪೇರಿ, ಪರೀಕ್ಷೆ, ಮಾರ್ಪಾಡು ಮಾಡುವ ಅಂಗಡಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಸೆಕ್ಷನ್ 6ರ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇವಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ.

ಪಾಲಿಶ್ ಮಾಡಿಸುವವರು ಮುಖ್ಯವಾಗಿ ನೋಡಬೇಕಾದದ್ದು ಸೆಕ್ಷನ್ 8. ಆಯುಧದ ಮೇಲಿನ ಹೆಸರು, ನಂಬರ್, ಗುರುತು ಅಳಿಸುವುದು, ತಿದ್ದುವುದು ಅಪರಾಧ. ಗುರುತು ಅಳಿಸಿದ ಆಯುಧ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಭಾವಿಸುತ್ತದೆ. 'ಪಾಲಿಶ್ ಮಾಡೋವಾಗ ಹೋಯ್ತು ಸಾರ್' ಎಂದರೆ ಸಾಲದು, ಸಾಬೀತು ಮಾಡುವ ಹೊಣೆ ಮಾಲೀಕರದೇ. ಲೈಸೆನ್ಸ್ ಪುಸ್ತಕದ ನಂಬರಿಗೂ ಆಯುಧದ ನಂಬರಿಗೂ ತಾಳೆಯಾಗದಿದ್ದರೆ ನವೀಕರಣದ ಹೊತ್ತಿಗೂ ತೊಂದರೆ ತಪ್ಪಿದ್ದಲ್ಲ.

ಕೊಡಗಿನವರಿಗೆ ವಿನಾಯಿತಿ ಇಲ್ವಾ?

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದರೆ ಅದು ಬಂದೂಕು ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ. ಊರಿನ ಕಮ್ಮಾರಸಾಲೆಗೆ ಬಂದೂಕು ರಿಪೇರಿ ಅಂಗಡಿ ನಡೆಸಲು ಸಿಕ್ಕ ಪರವಾನಗಿ ಅಲ್ಲ.

ಅಂಗಡಿಗೆ ಕೊಡೋ ಮುನ್ನ

* ಅಂಗಡಿಯ ರಿಪೇರಿ ಲೈಸೆನ್ಸ್ ಕೇಳಿ ನೋಡಿ. ಮಾರಾಟದ ಲೈಸೆನ್ಸ್ ತೋರಿಸಿದರೆ ಅದರಲ್ಲಿ ರಿಪೇರಿಯೂ ಸೇರಿದೆಯಾ ಎಂದು ವಿಚಾರಿಸಿ.
* ಗುಂಡು ಪೂರ್ತಿ ತೆಗೆದು, ಚೇಂಬರ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ.
* ನಂಬರ್ ಮತ್ತು ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಿ.
* ಏನೇನು ಕೆಲಸ ಮಾಡಬೇಕು ಎಂದು ಬರೆದುಕೊಟ್ಟು ರಸೀದಿ ಪಡೆಯಿರಿ. 'ನಂಬರ್ ಇರುವ ಜಾಗ ಮುಟ್ಟಬಾರದು' ಎಂದೂ ಬರೆಯಿರಿ.
* ಅಂಗಡಿ ಹುಡುಗನ ಕೈಲಿ ಸುಮ್ಮನೆ ಕೊಟ್ಟು ಕಳಿಸಬೇಡಿ. ರಿಪೇರಿಗೆ ಬೇರೆಯವರು ಒಯ್ಯಬೇಕಾದರೆ ಮಾಲೀಕರು ಜೊತೆಗಿರಬೇಕು, ಇಲ್ಲವೇ ಲಿಖಿತ ಅನುಮತಿ ಕೊಡಬೇಕು. ಇದು ಕಾಯ್ದೆಯ ಸೆಕ್ಷನ್ 3ರಲ್ಲೇ ಇದೆ.

ಇನ್ನು ಅಂಚು ಚುಚ್ಚುವುದಷ್ಟೇ ಸಮಸ್ಯೆಯಾದರೆ ಅಳತೆಗೆ ಹೊಲಿಸಿದ ಒಳ್ಳೆ ಚರ್ಮದ ಹೋಲ್‌ಸ್ಟರ್ ಸಾಕಾಗಬಹುದು. ಅದಕ್ಕೆ ಯಾವ ಲೈಸೆನ್ಸೂ ಬೇಡ, ಪಿಸ್ತೂಲ್ ಮೇಲೆ ಅರ ಆಡಿಸುವ ಅಗತ್ಯವೂ ಇಲ್ಲ.