ತೃಣದ ಮಹಿಮೆ

ಯಾರನ್ನಾದರೂ ಕಡೆಗಣಿಸಬೇಕಾದರೆ ‘ತೃಣಸಮಾನ’ ಎನ್ನುವುದು ನಮ್ಮ ವಾಡಿಕೆ. ಹುಲ್ಲೆಂದರೆ ನಮಗೆ ಅಷ್ಟು ಅಗ್ಗ. ಆದರೆ ನಮ್ಮ ಊಟದ ಎಲೆಗೆ ಬಡಿಸುವುದರಲ್ಲಿ ಹುಲ್ಲಲ್ಲದ್ದು ಎಷ್ಟೆಂದು ಒಮ್ಮೆ ಲೆಕ್ಕ ಹಾಕೋಣ. ಅಕ್ಕಿ ಹುಲ್ಲಿನ ಬೀಜ. ಗೋಧಿಯೂ ಹುಲ್ಲಿನ ಬೀಜ. ಜೋಳ, ರಾಗಿ, ಸಜ್ಜೆ, ನವಣೆ ಎಲ್ಲವೂ ಆ ಮನೆತನದವೇ. ಪಾಯಸದ ಬೆಲ್ಲ ಕಬ್ಬೆಂಬ ಹುಲ್ಲಿನ ರಸ. ಕೊನೆಗೆ ಬಡಿಸುವ ಮೊಸರು ಕೂಡ ಹಸು ತಿಂದ ಹುಲ್ಲೇ ತಾನೆ? ಉಳಿದದ್ದು ಉಪ್ಪು, ಬೇಳೆ, ತರಕಾರಿ.

ಈ ದೊಡ್ಡ ಮನೆತನದಲ್ಲಿ ಎರಡು ಪಂಗಡಗಳುಂಟು. ಬತ್ತ, ಗೋಧಿ, ಬಾರ್ಲಿ, ಬಿದಿರು ಒಂದು ಕಡೆ. ರಾಗಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು ಇನ್ನೊಂದು ಕಡೆ. ಹೊರಗಿನಿಂದ ನೋಡಿದರೆ ಭೇದ ಗೊತ್ತಾಗದು. ಎಲೆಯೊಳಗೆ, ಬಿಸಿಲಿನಿಂದ ಅನ್ನ ಮಾಡುವ ಕ್ರಮದಲ್ಲಿ ಆ ಭೇದ ಅಡಗಿದೆ.

ಎಲೆಯು ಗಾಳಿಯಿಂದ ಇಂಗಾಲಾಮ್ಲ ವಾಯುವನ್ನೂ ಬೇರಿನಿಂದ ನೀರನ್ನೂ ಪಡೆದು, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆ ಮಾಡುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ವಾಯುವನ್ನು ಹಿಡಿದುಕೊಡುವ ಕೆಲಸ ರುಬಿಸ್ಕೊ ಎಂಬ ಕಿಣ್ವದ್ದು. ಅಲ್ಲಿಂದ ಮುಂದಿನ ಹಾದಿಯನ್ನು ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕಾಲ್ವಿನ್, ಆಂಡ್ರ್ಯೂ ಬೆನ್ಸನ್ ಮತ್ತು ಜೇಮ್ಸ್ ಬ್ಯಾಶಮ್ ವಿಕಿರಣಶೀಲ ಇಂಗಾಲದ ಸಹಾಯದಿಂದ ಗುರುತಿಸಿದರು. 1961ರಲ್ಲಿ ಕಾಲ್ವಿನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮೊದಲು ತಯಾರಾಗುವ ವಸ್ತುವಿನಲ್ಲಿ ಇಂಗಾಲದ ಮೂರು ಪರಮಾಣುಗಳಿರುವುದರಿಂದ ಈ ಕ್ರಮಕ್ಕೆ ‘ಸಿ-3’ ಎಂದು ಹೆಸರು. ಬತ್ತವೂ ಗೋಧಿಯೂ ಈ ಪಂಗಡದವು.

ರುಬಿಸ್ಕೊ ನಮ್ಮ ಕಚೇರಿಗಳಲ್ಲಿ ಕಾಣುವ ಹಳೆಯ ಗುಮಾಸ್ತರಂತೆ. ಅವರು ಕೆಲಸಕ್ಕೆ ಸೇರಿದುದು ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆಯಿದ್ದ ಕಾಲದಲ್ಲಿ. ನಿಧಾನಸ್ಥರು; ಸೆಕೆಂಡಿಗೆ ಮೂರು ನಾಲ್ಕು ಕಾಗದ ನೋಡಿದರೆ ಹೆಚ್ಚು. ಮೇಲಾಗಿ, ಇಂಗಾಲಾಮ್ಲದ ಬದಲು ಆಮ್ಲಜನಕ ಕೈಗೆ ಬಂದರೆ ಅದನ್ನೂ ದಾಖಲು ಮಾಡಿಬಿಡುತ್ತಾರೆ! ಆ ತಪ್ಪನ್ನು ತಿದ್ದಲು ಗಿಡವು ಶಕ್ತಿಯನ್ನು ವ್ಯಯಮಾಡಬೇಕು. ಆಗಲೇ ಹಿಡಿದಿಟ್ಟಿದ್ದ ಇಂಗಾಲದಲ್ಲಿ ಒಂದಷ್ಟನ್ನು ಗಾಳಿಗೆ ಬಿಟ್ಟುಕೊಡಲೂ ಬೇಕು. ಸಾಧಾರಣ ಹವೆಯಲ್ಲಿ ನಾಲ್ಕೈದು ಸಲಕ್ಕೊಮ್ಮೆ ಈ ತಪ್ಪು ನಡೆಯುತ್ತದೆ. ಬಿಸಿಲು ಏರಿದಷ್ಟೂ ತಪ್ಪು ಏರುತ್ತದೆ.

ಎಲ್ಲ ಗಿಡಗಳ ಹಾದಿಯೂ ಇದೇ ಎಂದು ವಿಜ್ಞಾನಿಗಳು ನಂಬಿದ್ದಾಗ ಕಬ್ಬು ಬೇರೆ ಕತೆ ಹೇಳಿತು. ಹವಾಯಿ ದ್ವೀಪದ ಸಕ್ಕರೆ ಬೆಳೆಗಾರರ ಸಂಘದ ಪ್ರಯೋಗಶಾಲೆಯಲ್ಲಿ ಹ್ಯೂಗೊ ಕೋರ್ಟ್‌ಷಾಕ್ ಮತ್ತು ಸಂಗಡಿಗರು, ಕಬ್ಬಿನ ಎಲೆಯಲ್ಲಿ ಮೊದಲು ಕಾಣುವುದು ನಾಲ್ಕು ಇಂಗಾಲಗಳ ಆಮ್ಲವೆಂದು ಕಂಡು 1965ರಲ್ಲಿ ಪ್ರಕಟಿಸಿದರು. ರಷ್ಯದ ಕಜಾನಿನಲ್ಲಿ ಯೂರಿ ಕಾರ್ಪಿಲೋವ್ ಮುಸುಕಿನ ಜೋಳದಲ್ಲಿ ಇಂಥದನ್ನೇ 1960ರಲ್ಲಿ ಬರೆದಿದ್ದರೂ ಹೊರಗಿನವರ ಗಮನಕ್ಕೆ ಬಂದಿರಲಿಲ್ಲ. ಇದರ ಪೂರ್ಣ ಅರ್ಥವನ್ನು ಬಿಡಿಸಲು ಹೊರಟವರು ಆಸ್ಟ್ರೇಲಿಯದ ಬ್ರಿಸ್ಬೇನಿನ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್. ಅವರ ಮೊದಲ ಲೇಖನ 1966ರದು. ಈ ಎರಡನೆಯ ಕ್ರಮಕ್ಕೆ ‘ಸಿ-4’ ಎಂಬ ಹೆಸರು ನಿಂತಿತು.

ರಾಗಿ, ಜೋಳಗಳ ಎಲೆಯಲ್ಲಿ ಕೆಲಸ ಎರಡು ಕೋಣೆಗಳಲ್ಲಿ ನಡೆಯುತ್ತದೆ. ಹೊರಕೋಣೆಯ ಜೀವಕೋಶಗಳಲ್ಲಿ ‘ಪೆಪ್ ಕಾರ್ಬಾಕ್ಸಿಲೇಸ್’ ಎಂಬ ಬೇರೊಂದು ಕಿಣ್ವವುಂಟು. ಇದನ್ನು ಆವಕ ಶಾಖೆಯ ಗುಮಾಸ್ತನೆನ್ನೋಣ. ಇವನು ಚುರುಕು, ಆಮ್ಲಜನಕಕ್ಕೆ ಮೋಸ ಹೋಗುವವನಲ್ಲ. ಇವನು ಇಂಗಾಲವನ್ನು ನಾಲ್ಕು ಇಂಗಾಲಗಳ ಆಮ್ಲವೆಂಬ ಲಕೋಟೆಯಲ್ಲಿಟ್ಟು ಒಳಗೆ ಕಳುಹಿಸುತ್ತಾನೆ. ಎಲೆಯ ನರಗಳ ಸುತ್ತ ಇರುವ ಒಳಕೋಣೆಯಲ್ಲಿ ಲಕೋಟೆ ಒಡೆಯುತ್ತದೆ. ಅಲ್ಲಿ ಇಂಗಾಲಾಮ್ಲ ವಾಯು ದಟ್ಟವಾಗಿ ತುಂಬುವುದರಿಂದ, ಅಲ್ಲಿ ಕುಳಿತ ಹಳೆಯ ರುಬಿಸ್ಕೊ ಮಹಾಶಯರಿಗೆ ತಪ್ಪು ಮಾಡಲು ಅವಕಾಶವೇ ಅಪರೂಪ. ಈ ಒಳಕೋಣೆಗಳು ನರದ ಸುತ್ತ ಹೂದಂಡೆಯಂತೆ ಕಾಣುವುದನ್ನು ಆಸ್ಟ್ರಿಯದ ಗಾಟ್‌ಲೀಬ್ ಹಾಬರ್‌ಲಾಂಟ್ 1880ರ ದಶಕದಲ್ಲೇ ವರ್ಣಿಸಿದ್ದರು. ಅದರ ಉಪಯೋಗ ತಿಳಿಯಲು ಎಂಬತ್ತು ವರ್ಷ ಕಾಯಬೇಕಾಯಿತು.

ಆವಕ ಶಾಖೆ ಚುರುಕಾಗಿದ್ದರೆ ಎಲೆಯ ರಂಧ್ರಗಳನ್ನು ಅಗಲವಾಗಿ ತೆರೆದಿಡಬೇಕಾಗಿಲ್ಲ. ನೀರು ಆರಿಹೋಗುವುದು ತಪ್ಪುತ್ತದೆ. ಸಿ-3 ಬೆಳೆಗೆ ಬೇಕಾಗುವ ನೀರಿನ ಹೆಚ್ಚು ಕಡಮೆ ಅರ್ಧದಲ್ಲೇ ಇವು ಅಷ್ಟು ತೂಕದ ಪೈರನ್ನು ಬೆಳೆಸಬಲ್ಲವು. ಬಿಜಾಪುರದ ಎರೆಯಲ್ಲಿ ಜೋಳವೂ ಕೋಲಾರದ ಕೆಮ್ಮಣ್ಣಿನಲ್ಲಿ ರಾಗಿಯೂ ಮಳೆ ಕೈಕೊಟ್ಟಾಗಲೂ ತಡೆದು ನಿಲ್ಲುವುದರ ಗುಟ್ಟಿನಲ್ಲಿ ಇದೂ ಒಂದು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಬಂದುದು ಹೇಗೆ? ನಮಗೆ ಅತ್ಯಂತ ಸೋಜಿಗವೆನಿಸಿದ್ದು ಈ ಭಾಗವೇ. ಸುಮಾರು 3 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲಾಮ್ಲ ವಾಯು ಬಹಳ ಇಳಿಯಿತು. ಬಿಸಿನಾಡಿನ ಹುಲ್ಲುಗಳಿಗೆ ಸಂಕಟ ಒದಗಿತು. ಆದರೂ ನಿಸರ್ಗ ಹೊಸ ಹುದ್ದೆಗಳನ್ನು ಮಂಜೂರು ಮಾಡಲಿಲ್ಲ. ಇದ್ದ ನೌಕರರನ್ನೇ ವರ್ಗಾಯಿಸಿತು! ಪೆಪ್ ಕಾರ್ಬಾಕ್ಸಿಲೇಸ್ ಬತ್ತದಲ್ಲೂ ಉಂಟು, ಅಲ್ಲಿ ಅದು ಚಿಲ್ಲರೆ ಕೆಲಸ ಮಾಡಿಕೊಂಡಿದೆ. ಹುಲ್ಲುಗಳಲ್ಲಿ ಇದರ ಜೀನಿಗೆ ಹಲವು ನಕಲುಗಳಿದ್ದವು. ಒಂದು ನಕಲು ಹಳೆಯ ಕೆಲಸದಲ್ಲಿ ಉಳಿಯಿತು. ಇನ್ನೊಂದು ಹೊಸ ಕೆಲಸಕ್ಕೆ ಪಳಗಿತು. ಈ ವರ್ಗಾವಣೆ ನಡೆದುದು ಒಂದು ಸಲವಲ್ಲ. ಹುಲ್ಲುಗಳಲ್ಲೇ, ಬೇರೆ ಬೇರೆ ಶಾಖೆಗಳಲ್ಲಿ, ಇಪ್ಪತ್ತಕ್ಕೂ ಹೆಚ್ಚು ಸಲ. ಹಲವು ಸಲ ಕಿಣ್ವದ ಅವೇ ಕೆಲವು ಸ್ಥಾನಗಳು ಅದೇ ರೀತಿ ಬದಲಾಗಿವೆಯೆಂದು 2007ರ ಒಂದು ಸಂಶೋಧನೆ ತೋರಿಸಿತು. 780ನೆಯ ಸ್ಥಾನದಲ್ಲಿ ಅಲನೀನ್ ಹೋಗಿ ಸೆರೀನ್ ಕುಳಿತುದು ಅಂಥವುಗಳಲ್ಲೊಂದು. ಅಲ್ಲೊಟೆರಾಪ್ಸಿಸ್ ಎಂಬ ಹುಲ್ಲಂತೂ ದೂರದ ನೆಂಟರಾದ ಬೇರೆ ಹುಲ್ಲುಗಳಿಂದಲೇ ಇಂಥ ಜೀನನ್ನು ಎರವಲು ಸೇವೆಯ ಮೇಲೆ ಕರೆಸಿಕೊಂಡಿದೆ. ಇದು ತಿಳಿದುದು 2012ರಲ್ಲಿ.

ನೌಕರರು ಹೊಸ ಕೋಣೆಗೆ ಹೋಗಬೇಕೆಂದು ತಿಳಿದುದಾದರೂ ಹೇಗೆ? ಕ್ಯಾಲಿಫೋರ್ನಿಯದ ಸಾಕ್ ಸಂಸ್ಥೆ ಮತ್ತು ಕೇಂಬ್ರಿಜಿನ ವಿಜ್ಞಾನಿಗಳು ಬತ್ತ ಮತ್ತು ಜೋಳದ ಸಸಿಗಳನ್ನು ಕತ್ತಲೆಯಿಂದ ಬೆಳಕಿಗೆ ತಂದು, ಒಂದೊಂದು ಜೀವಕೋಶದಲ್ಲೂ ಯಾವ ಜೀನು ಎಚ್ಚರಗೊಳ್ಳುವುದೆಂದು ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲ ಇದು: ಒಳಕೋಣೆಯ ಜೀನುಗಳ ಪಕ್ಕದಲ್ಲಿ ‘ಡಾಫ್’ ಎಂಬ ಪ್ರೋಟೀನುಗಳು ಬಂದು ಕೂರುವ ಒಂದು ಸಣ್ಣ ಗುರುತು ಬತ್ತದಲ್ಲೂ ಜೋಳದಲ್ಲೂ ಉಂಟು. ಜೋಳದಲ್ಲಿ ಅನ್ನ ಮಾಡುವ ಜೀನುಗಳೂ ಈ ಹಳೆಯ ಗುರುತನ್ನು ಪಡೆದುಕೊಂಡವು. ಲಕೋಟೆಯ ವಿಳಾಸ ಬದಲಾದಂತಾಯಿತು, ಕಟ್ಟಡ ಬದಲಾಗಬೇಕಾಗಲಿಲ್ಲ.

ಕನಕದಾಸರ ‘ರಾಮಧಾನ್ಯಚರಿತೆ’ ನಮ್ಮ ವಾಚಕರಿಗೆ ಗೊತ್ತೇ ಇದೆ. ಬತ್ತ ರಾಗಿಗಳು ಹಿರಿತನಕ್ಕಾಗಿ ಜಗಳವಾಡಿ, ರಾಮನ ಅಪ್ಪಣೆಯಂತೆ ಆರು ತಿಂಗಳು ಸೆರೆಯಲ್ಲಿದ್ದು, ಕೊನೆಗೆ ಗೆಲುವು ರಾಗಿಯದಾಯಿತು. ಅಲ್ಲಿ ವಿಚಾರಣೆ ಕಾಳಿಗೆ ನಡೆಯಿತು. ಎಲೆಗೆ ನಡೆದಿದ್ದರೂ, ಬಿಸಿಲುನಾಡಿನ ಮಟ್ಟಿಗೆ, ತೀರ್ಪು ಅದೇ. ಆದರೆ ಬತ್ತದ ಪರವಾಗಿಯೂ ಎರಡು ಮಾತುಂಟು. ಎರಡು ಕೋಣೆಗಳ ಸಂಸಾರಕ್ಕೆ ಖರ್ಚು ಹೆಚ್ಚು. ತಂಪಿನಲ್ಲೂ ನೆರಳಿನಲ್ಲೂ ಆ ಖರ್ಚು ಗಿಟ್ಟದು; ಅಲ್ಲಿ ಸಿ-3 ಕ್ರಮವೇ ಮೇಲು. ಗೋಧಿ ಚಳಿಗಾಲದ ಬೆಳೆಯಾಗಿ ಮೆರೆಯುವುದು ದೆಹಲಿಯ ಕಡೆಯ ನಮ್ಮ ಬಂಧುಗಳಿಗೆ ತಿಳಿದೇ ಇದೆ.

ಸುಮಾರು ಅರ್ಧ ಮನುಕುಲ ನಂಬಿರುವುದು ಅನ್ನವನ್ನು. ಭೂಮಿಯ ಬಿಸಿ ಏರುತ್ತಿದೆ, ನೀರಿಗಾಗಿ ಕಾದಾಟ ನಡೆದಿದೆ. ಆದುದರಿಂದ ಬತ್ತಕ್ಕೂ ರಾಗಿಯ ಎಲೆಯ ವಿದ್ಯೆಯನ್ನು ಕಲಿಸಲು, ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯ ನೇತೃತ್ವದಲ್ಲಿ 2008ರಲ್ಲಿ ಒಂದು ದೊಡ್ಡ ಯೋಜನೆ ತೊಡಗಿತು. 2017ರಲ್ಲಿ ಮುಸುಕಿನ ಜೋಳದ ಒಂದು ಜೀನನ್ನು ಬತ್ತದಲ್ಲಿಟ್ಟಾಗ ಒಳಕೋಣೆಗಳಲ್ಲಿ ಹಸುರು ತುಂಬಿಕೊಂಡಿತು. ಗದ್ದೆಗೆ ಬರುವ ಸಿ-4 ಬತ್ತ ಇನ್ನೂ ಸಿದ್ಧವಾಗಿಲ್ಲ. ಒಂದು ಜೀನಿನಿಂದ ಮುಗಿಯುವ ಕೆಲಸ ಇದಲ್ಲ. ಆದರೂ ನಿಸರ್ಗ ಇದ್ದ ಸಾಮಗ್ರಿಯಿಂದಲೇ ಇಪ್ಪತ್ತು ಸಲ ಸಾಧಿಸಿದ್ದನ್ನು ಮನುಷ್ಯ ಒಂದು ಸಲ ಸಾಧಿಸಲಾರನೆ?

ಅಷ್ಟರವರೆಗೆ ಸಿ-4 ಧಾನ್ಯ ಬೇಕೆಂದರೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಬಹುಕಾಲ ಸರ್ಕಾರಿ ಕಾಗದಗಳಲ್ಲಿ ಜೋಳ, ರಾಗಿ, ಸಜ್ಜೆಗಳಿಗೆ ‘ಒರಟು ಧಾನ್ಯ’ವೆಂಬ ಹೆಸರಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅದನ್ನು ‘ಪೌಷ್ಟಿಕ ಧಾನ್ಯ’ವೆಂದು ತಿದ್ದಿತು. ಊರು ಬಿಟ್ಟು ಬಂದು ಅನ್ನ ಚಪಾತಿಗಳಿಗೆ ಒಗ್ಗಿಹೋದ ನಮ್ಮ ಮನೆಗಳಲ್ಲಿ ಆ ತಿದ್ದುಪಡಿ ಇನ್ನೂ ಜಾರಿಗೆ ಬರಬೇಕಾಗಿದೆ. ಮಕ್ಕಳು ಮುದ್ದೆಯನ್ನೋ ರೊಟ್ಟಿಯನ್ನೋ ಕಂಡು ಮೂಗು ಮುರಿದಾಗ, ಈ ಎರಡು ಕೋಣೆಗಳ ಕತೆಯನ್ನು ಅವರಿಗೆ ಹೇಳೋಣ. ಕತೆ ಮುಗಿಯುವುದರೊಳಗೆ ಎರಡು ತುತ್ತಾದರೂ ಇಳಿದೀತು.