ಇಖಾಮಾಕ್ಕೆ ಮೊದಲು ಪಾಸ್‌ಪೋರ್ಟ್‌ನ ತಾರೀಖು ನೋಡಿ

ಕಲಬುರಗಿ ನಗರದಲ್ಲೂ ಹುಮನಾಬಾದ್ ರಸ್ತೆಯ ಕಮಲಾಪುರದಲ್ಲೂ ಸೌದಿ, ದುಬೈ, ಕತಾರ್‌ಗಳಲ್ಲಿ ದುಡಿಯುವವರ ಸಂಪಾದನೆಯಿಂದ ನಡೆಯುವ ಮನೆಗಳಿವೆ. ಅಲ್ಲಿ ನೆಲೆಸಿ ದುಡಿಯಲು ಇಖಾಮಾ, ಅಂದರೆ ವಾಸದ ಪರವಾನಗಿ ಬೇಕು. ಅದರ ಬುನಾದಿ ಪಾಸ್‌ಪೋರ್ಟ್. ವೀಸಾದ ಮಾತು ಪಕ್ಕಾ ಆದ ಮೇಲೆ ಪಾಸ್‌ಪೋರ್ಟ್‌ನಲ್ಲಿ ನಾಲ್ಕೇ ತಿಂಗಳು ಉಳಿದಿದೆ ಎಂದು ಗೊತ್ತಾದರೆ ಸಿಕ್ಕ ಕೆಲಸವೇ ಕೈತಪ್ಪಬಹುದು. ಆದ್ದರಿಂದ ಮನೆಯವರೆಲ್ಲ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಆರು ತಿಂಗಳ ಲೆಕ್ಕ

ಪಾಸ್‌ಪೋರ್ಟ್ ಮೇಲೆ ಅಚ್ಚಾದ ಕೊನೆಯ ದಿನದವರೆಗೂ ಅದು ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಗಲ್ಫ್ ದೇಶಗಳು ವೀಸಾ ಕೊಡುವಾಗ ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಹಾಗಾಗಿ 10 ವರ್ಷದ ಪಾಸ್‌ಪೋರ್ಟ್ ನಿಜವಾಗಿ ಕೆಲಸಕ್ಕೆ ಬರುವುದು ಒಂಬತ್ತೂವರೆ ವರ್ಷ ಮಾತ್ರ. ಓದಲು ಹೋಗುವ ಮಕ್ಕಳಿಗೂ ಈ ಎಚ್ಚರ ಬೇಕು. ಕೆನಡಾದಂಥ ದೇಶದಲ್ಲಿ ಕೋರ್ಸ್ ಎಷ್ಟೇ ವರ್ಷದ್ದಿರಲಿ, ಪಾಸ್‌ಪೋರ್ಟ್‌ನ ಅವಧಿ ದಾಟಿ ಓದಿನ ಪರವಾನಗಿ ಕೊಡುವುದಿಲ್ಲ.

ಅವಧಿ ಮುಗಿಯುವ 1 ವರ್ಷ ಮೊದಲೇ ಹೊಸ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಲು ನಮ್ಮ ಸರಕಾರ ಅವಕಾಶ ಕೊಟ್ಟಿದೆ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಕಲಬುರಗಿ ನಗರದಲ್ಲೇ ಅರ್ಜಿ ಸ್ವೀಕರಿಸುವ ಕೇಂದ್ರವಿದೆ. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ; ತತ್ಕಾಲ್ ಆದರೆ ಮೇಲೆ 2,000. ಅರ್ಜಿಯನ್ನು ಸರಕಾರದ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ತುಂಬಿ. ಅದೇ ತರಹ ಕಾಣುವ ನಕಲಿ ತಾಣಗಳಿವೆ, ಎಚ್ಚರ.

ಮೊದಲು ಪಾಸ್‌ಪೋರ್ಟ್, ಆಮೇಲೆ ಉಳಿದದ್ದು

ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯ ನಂಬರ್ ಉಳಿಯುವುದಿಲ್ಲ, ಹೊಸ ನಂಬರ್ ಬರುತ್ತದೆ. ಗಲ್ಫ್ ಕೆಲಸಕ್ಕೆ ಮಾಡಿಸುವ ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್ ಪತ್ರ, ವೀಸಾ ಎಲ್ಲದರಲ್ಲೂ ಪಾಸ್‌ಪೋರ್ಟ್ ನಂಬರ್ ಇರುತ್ತದೆ. ಹಳೆಯ ನಂಬರಿನ ಮೇಲೆ ಇವೆಲ್ಲ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಹೈದರಾಬಾದ್‌ಗೆ ಮತ್ತೆ ಅಲೆದಾಟ, ಮತ್ತೆ ಖರ್ಚು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಮೊದಲು ಪಾಸ್‌ಪೋರ್ಟ್ ಮಾಡಿಸಿ, ನಂತರ ಉಳಿದ ಕಾಗದಗಳಿಗೆ ಕೈಹಾಕಿ.

ವೀಸಾ ಆಗಲೇ ಬಂದಿದ್ದರೆ? ನವೀಕರಣದಲ್ಲಿ ಹಳೆಯ ಪಾಸ್‌ಪೋರ್ಟ್ ರದ್ದಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಕಫೀಲ್ ಅಥವಾ ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವೀಸಾ ಹಳೆಯ ಪಾಸ್‌ಪೋರ್ಟ್‌ನ ಪುಟದಲ್ಲಿದ್ದರೆ ಅದನ್ನು ಎಸೆಯಬೇಡಿ, ಹರಿಯಬೇಡಿ. ಪ್ರಯಾಣದಲ್ಲಿ ಹಳೆಯದು, ಹೊಸದು ಎರಡೂ ಜೊತೆಗಿರಲಿ.

ಅಲ್ಲೇ ಇರುವಾಗ ಅವಧಿ ಮುಗಿಯುತ್ತಿದ್ದರೆ ಊರಿಗೆ ಬರಬೇಕಿಲ್ಲ. ಸೌದಿಯಲ್ಲಿ ರಿಯಾದ್‌ನ ಭಾರತೀಯ ರಾಯಭಾರ ಕಚೇರಿ, ಜಿದ್ದಾದ ಕಾನ್ಸುಲೇಟ್ ಹೊಸ ಪಾಸ್‌ಪೋರ್ಟ್ ಕೊಡುತ್ತವೆ. ಹೊಸದು ಕೈಗೆ ಬಂದ ಕೂಡಲೇ ಇಖಾಮಾದ ದಾಖಲೆಯಲ್ಲಿ ಹೊಸ ನಂಬರ್ ಸೇರಿಸಬೇಕು. ಇದನ್ನೇ ಅಲ್ಲಿ ‘ನಖ್ಲ್ ಮಾಲೂಮಾತ್’ ಎನ್ನುತ್ತಾರೆ. ಇದನ್ನು ಬಿಟ್ಟರೆ ರಜೆಗೆ ಊರಿಗೆ ಹೊರಟ ದಿನ ತೊಡಕಾಗಬಹುದು.

ಹೆಸರು, ಊರು

ನಮ್ಮಲ್ಲಿ ಒಂದೇ ಹೆಸರನ್ನು ಆಧಾರ್‌ನಲ್ಲಿ ಮೊಹಮ್ಮದ್, ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಪಾಸ್‌ಪೋರ್ಟ್‌ನಲ್ಲಿ ಎಂ.ಡಿ. ಎಂದು ಬರೆಸಿರುತ್ತೇವೆ. ನಮ್ಮ ಕಣ್ಣಿಗೆ ಒಬ್ಬನೇ, ವಿದೇಶದ ಕಂಪ್ಯೂಟರ್‌ಗೆ ಮೂವರು. ನವೀಕರಣಕ್ಕೆ ಮೊದಲು ಎಲ್ಲ ದಾಖಲೆಗಳಲ್ಲೂ ಅಕ್ಷರಗಳನ್ನು ಒಂದೇ ರೀತಿ ಮಾಡಿಸಿಕೊಳ್ಳಿ. ಬರೀ ಒಂದೇ ಪದದ ಹೆಸರಿದ್ದರೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಲು ಇದೇ ಸಮಯ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ನ ಭೇಟಿ ವೀಸಾದವರನ್ನು ತಡೆದಿತ್ತು.

ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿ ಆಯಿತು. ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಗುಲ್ಬರ್ಗ ಎಂದೇ ಇದೆ. ಇಖಾಮಾ ಅರ್ಜಿಯಲ್ಲಿ ನೀವು ಕೊಡುವ ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ ಎಂದಿರುತ್ತದೆ. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕು. ಆ ನಂತರ ಹತ್ತನೇ ತರಗತಿ ಪಾಸಾಗಿದ್ದರೆ ಅಥವಾ 3 ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದರೆ, ನವೀಕರಿಸುವಾಗ ದಾಖಲೆ ಕೊಟ್ಟು ಅದನ್ನು ತೆಗೆಸಬಹುದು.

ಮಕ್ಕಳನ್ನು ಮರೆಯಬೇಡಿ

ದೊಡ್ಡವರ ಪಾಸ್‌ಪೋರ್ಟ್ 10 ವರ್ಷದ್ದಾದರೆ ಚಿಕ್ಕ ಮಕ್ಕಳದು 5 ವರ್ಷದ್ದು. ತಂದೆ ತಾಯಿಯ ಕಾಗದ ಸರಿ ಇದ್ದು ಮಗುವಿನದು ಮುಗಿದಿದ್ದರೆ ಇಡೀ ಸಂಸಾರದ ಪ್ರಯಾಣ ನಿಲ್ಲುತ್ತದೆ. ಮಗುವಿನ ಅರ್ಜಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯನ್ನೂ ಕೇಳುತ್ತಾರೆ. ತಂದೆ ಹೊರದೇಶದಲ್ಲಿದ್ದರೆ ಅವರ ಕಾಗದಗಳನ್ನು ತರಿಸಿಕೊಳ್ಳಲು ದಿನ ಹಿಡಿಯುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನು ಮಾತ್ರ ಒಪ್ಪುತ್ತಾರೆ. ಅದರಲ್ಲಿನ ಹೆಸರನ್ನು ಈಗಲೇ ಪರಿಶೀಲಿಸಿ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್ (ಅಲ್ ಬಕರಃ 282) ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡುವ ಬಗ್ಗೆ ಇದೆ. ಕಾಗದವನ್ನೂ ಗಡುವನ್ನೂ ದೀನ್ ಹಗುರವಾಗಿ ಕಂಡಿಲ್ಲ. ದುಡಿಯಲು ಹೋದವನಿಗೆ ಡ್ಯೂಟಿಯ ನಡುವೆ ತಾರೀಖು ಮರೆತು ಹೋಗಬಹುದು, ಆದರೆ ಮನೆಯಲ್ಲಿರುವ ತಾಯಿ, ಹೆಂಡತಿ, ತಮ್ಮ ನೆನಪಿಸಬಹುದು. ಪ್ರತಿಯೊಬ್ಬರ ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟದ ಝೆರಾಕ್ಸ್ ಮನೆಯಲ್ಲಿರಲಿ. ಎಲ್ಲರ ಹೆಸರಿನ ಮುಂದೆ ಅವಧಿ ಮುಗಿಯುವ ದಿನವನ್ನೂ ಅದಕ್ಕೆ ಒಂದು ವರ್ಷ ಹಿಂದಿನ ದಿನವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ಎರಡನೆಯ ದಿನವೇ ನಿಮ್ಮ ಗಡುವು.