ಮಸಿ, ಅಂಟು ಮತ್ತು ಬಾತಿನಾದ ಬಾವಿ



ಒಮಾನಿನಲ್ಲಿರುವ ನೀವೆಲ್ಲ ಒಮ್ಮೆಯಾದರೂ ಇದನ್ನು ನೋಡಿರುತ್ತೀರಿ. ರಾತ್ರಿ ಒಂದು ಲೋಟ ನೀರಿಗೆ ನಾಲ್ಕು ಹರಳು ಲುಬಾನ್ ಹಾಕಿಟ್ಟರೆ, ಬೆಳಗಾಗುವಷ್ಟರಲ್ಲಿ ನೀರು ತಿಳಿ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಲುಬಾನಿನ ರಾಳವಾಗಲಿ ಎಣ್ಣೆಯಾಗಲಿ ನೀರಿನಲ್ಲಿ ಕರಗುವುದಿಲ್ಲ. ಆದರೆ ಅದರೊಳಗಿರುವ ಅಂಟು ಕರಗುತ್ತದೆ. ಕರಗಿದ ಅಂಟು ರಾಳದ ಸಣ್ಣ ಸಣ್ಣ ಕಣಗಳನ್ನು ಸುತ್ತುವರಿದು, ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ನೀರಿಗೆ ಒಲ್ಲದ ವಸ್ತುವನ್ನು ನೀರಿಗೆ ಒಪ್ಪಿಸುವ ಈ ಉಪಾಯದ ಬಗ್ಗೆಯೇ ಈ ಸಲದ ಬರಹ. ನಾನು ಓದಿದ್ದು ಕಂಪ್ಯೂಟರ್, ರಸಾಯನಶಾಸ್ತ್ರವಲ್ಲ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಉಪಾಯ ಹಳೆಯದು. ದೀಪದ ಮಸಿಯನ್ನು ಬರೀ ನೀರಿಗೆ ಹಾಕಿದರೆ ತೇಲುತ್ತದೆ, ಇಲ್ಲವೇ ಗಂಟುಗಟ್ಟುತ್ತದೆ. ಅಂಟು ಬೆರೆಸಿದರೆ ಬರೆಯುವ ಶಾಯಿಯಾಗುತ್ತದೆ. ನಮ್ಮ ಕಡತವನ್ನು ನೆನೆಯಿರಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವೇ ಆಗಿವೆ. ಸರಕಾರಿ ಕಚೇರಿಯ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು. ಅಲ್ಲಿಯೂ ಇಂಗಾಲವನ್ನು ಹಿಡಿದಿಟ್ಟದ್ದು ಗಿಡಮರದ ಅಂಟೇ.

ಈಗ ಹೊಸ ಇಂಗಾಲಕ್ಕೆ ಬರೋಣ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಪ್ರಸಿದ್ಧಿಗೆ ತಂದ ನ್ಯಾನೋಟ್ಯೂಬು ಇಂಗಾಲದ ಅತಿ ಸಣ್ಣ ಕೊಳವೆ. ಒಂದೇ ಗೋಡೆಯ ಕೊಳವೆಯ ಅಗಲ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದನ್ನು ಬಿಚ್ಚಿ ಹಾಸಿದಂತಿರುವ ಹಾಳೆಯೇ ಗ್ರಾಫೀನ್. ಎರಡೂ ಬಲು ಗಟ್ಟಿ, ವಿದ್ಯುತ್ತನ್ನೂ ಚೆನ್ನಾಗಿ ಹರಿಸುತ್ತವೆ. ಆದರೆ ನೀರಿಗಿಳಿದರೆ ಒಂದನ್ನೊಂದು ತಬ್ಬಿಕೊಂಡು ಹಗ್ಗದಂತಾಗುತ್ತವೆ. ಅಲ್ಟ್ರಾಸೌಂಡಿನಿಂದ ಅದುರಿಸಿ ಬಿಡಿಸಬಹುದು. ಅದುರಿಸುವುದು ನಿಲ್ಲಿಸಿದರೆ ಮತ್ತೆ ಅದೇ ಗಂಟು. ಗಂಟು ಕಟ್ಟಿದರೆ ಒಳಗಿನ ಮೈ ಮುಚ್ಚಿಹೋಗುತ್ತದೆ, ದುಬಾರಿ ವಸ್ತು ಬರೀ ಮಸಿಯಾಗುತ್ತದೆ.

2002ರಲ್ಲಿ ರಾಜ್‌ದೀಪ್ ಬಂದೋಪಾಧ್ಯಾಯ ಮತ್ತು ಸಂಗಡಿಗರು, ಶಾಯಿಗೆ ಬಳಸುವ ಅದೇ ಅರಬ್ಬಿ ಗೋಂದಿನಿಂದ ನ್ಯಾನೋಟ್ಯೂಬುಗಳನ್ನು ನೀರಿನಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿ ತೋರಿಸಿದರು. 2010ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ನಮ್ಮ ಸಿ.ಎನ್.ಆರ್. ರಾವ್, ಸುಬಿ ಜಾರ್ಜ್ ಮೊದಲಾದವರು ಇನ್ನೊಂದು ದಾರಿ ಹಿಡಿದರು. ಕೊರೊನೀನ್ ಎಂಬ ಚಪ್ಪಟೆ ಅಣು ಗ್ರಾಫೀನಿನ ಪುಟ್ಟ ತುಣುಕಿನಂತಿದೆ. ಅದರ ಅಂಚಿಗೆ ನೀರನ್ನು ಬಯಸುವ ಗುಂಪುಗಳನ್ನು ಜೋಡಿಸಿದರು. ಅದರ ಮೈ ಗ್ರಾಫೀನಿಗೆ ಒರಗುತ್ತದೆ, ಅಂಚು ನೀರಿನ ಕೈ ಹಿಡಿಯುತ್ತದೆ. ಎರಡು ಭಾಷೆ ಬಲ್ಲ ದುಭಾಷಿಯ ಕೆಲಸವೇ ಇದು.

ಇನ್ನು ಜೆಲ್ಲು. ಚೈನಾ ಗ್ರಾಸ್ ಮಾಡಿದವರಿಗೆ ಗೊತ್ತು, ಬಿಸಿಯಿದ್ದಾಗ ನೀರು, ಆರಿದಾಗ ಗಟ್ಟಿ. ಯಾರೂ ಹೆಣೆಯದೆ ಅಣುಗಳು ತಾವೇ ಜೋಡಿಗೊಂಡು ಬಲೆ ಕಟ್ಟಿ ನೀರನ್ನು ಹಿಡಿದಿಡುತ್ತವೆ. ಬಿಸಿಯಿರುವಾಗಲೇ ಗೋಡಂಬಿ ಚೂರು ಹಾಕಿದರೆ ತಳ ಸೇರುತ್ತವೆ. ಅರ್ಧ ಹೆಪ್ಪುಗಟ್ಟಿದಾಗ ಹಾಕಿದರೆ ನಡುವೆಯೇ ನಿಲ್ಲುತ್ತವೆ. ಪ್ರಯೋಗಾಲಯದಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕ ಅಣುಗಳಿಂದ ಇಂಥ ಜೆಲ್ ಕಟ್ಟುತ್ತಾರೆ. ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಬೇಡದ ತುದಿ ಇಂಗಾಲಕ್ಕೆ ಅಂಟುತ್ತದೆ. ಬಿಡಿಸಿದ ಕೊಳವೆಗಳು ಮತ್ತೆ ಗಂಟಾಗುವ ಮೊದಲೇ ಬಲೆ ಹೆಪ್ಪುಗಟ್ಟಿ ಅವು ಇದ್ದಲ್ಲೇ ಉಳಿಯುತ್ತವೆ. ಕೋಲ್ಕತ್ತಾದಲ್ಲಿ, ಸಿ.ವಿ. ರಾಮನ್ ದುಡಿದ ಸಂಸ್ಥೆಯಲ್ಲಿ, ಅಮೈನೋ ಆಮ್ಲದಿಂದ ಮಾಡಿದ ಇಂಥ ಜೆಲ್ಲುಗಳಿಗೆ ನ್ಯಾನೋಟ್ಯೂಬು ಬೆರೆಸುವ ಕೆಲಸ ನಡೆದಿದೆ.

ಇದರಿಂದ ನಮಗೇನು ಎನ್ನುತ್ತೀರಾ? ಬಾತಿನಾ ಕರಾವಳಿಯ ತೋಟದವರನ್ನು ಕೇಳಿ. ಅಂತರ್ಜಲವನ್ನು ಹೆಚ್ಚು ಎಳೆದಷ್ಟೂ ಕಡಲು ಒಳನುಗ್ಗಿ ಬಾವಿಗಳು ಉಪ್ಪಾಗಿವೆ. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದಲ್ಲಿ ಜಯದೀಪ್ ದತ್ತಾ ಅವರ ತಂಡ, ಇಂಗಾಲದ ಬಟ್ಟೆಯ ಮೇಲೆ ಸತುವಿನ ಆಕ್ಸೈಡಿನ ನ್ಯಾನೋಕಡ್ಡಿಗಳನ್ನು ಬೆಳೆಸಿ ಉಪ್ಪು ತೆಗೆಯುವ ಪ್ರಯೋಗ ಮಾಡಿತ್ತು. ಎರಡು ಇಂಗಾಲದ ಪದರಗಳ ನಡುವೆ ನೀರು ಹರಿಸಿ ಸಣ್ಣ ವೋಲ್ಟೇಜು ಕೊಟ್ಟರೆ ಉಪ್ಪಿನ ಅಯಾನುಗಳು ಪದರಗಳಿಗೆ ಅಂಟುತ್ತವೆ. ವಿದ್ಯುತ್ತು ತೆಗೆದರೆ ಬಿಟ್ಟುಕೊಡುತ್ತವೆ. ಇದು ಕಡಲ ನೀರಿಗಿಂತ ಹೆಚ್ಚಾಗಿ, ಸ್ವಲ್ಪವೇ ಉಪ್ಪಾದ ಬಾವಿ ನೀರಿಗೆ ಹೊಂದುತ್ತದೆ. ನೀರಿಗೆ ತೆರೆದ ಇಂಗಾಲದ ಮೈ ಹೆಚ್ಚಿದಷ್ಟೂ ಹೆಚ್ಚು ಉಪ್ಪಿಗೆ ಜಾಗ. ಗಂಟುಕಟ್ಟದ ಇಂಗಾಲ ಬೇಕಾಗುವುದು ಇಲ್ಲಿಯೇ.

ಒಂದು ಎಚ್ಚರಿಕೆಯೂ ಇದೆ. ಉದ್ದನೆಯ ನ್ಯಾನೋಟ್ಯೂಬುಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ಉರಿಯೂತ ತಂದುದನ್ನು 2008ರಲ್ಲೇ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಕುಡಿಯುವ ನೀರಿನ ಬಳಿ ತರುವ ಮೊದಲು, ಬಲೆಯಿಂದ ಒಂದು ಕೊಳವೆಯೂ ಕಳಚಿ ಹೋಗುವುದಿಲ್ಲವೆಂದು ಖಾತ್ರಿಯಾಗಬೇಕು. ಹಿಡಿದಿಡಬಲ್ಲ ಅಂಟು ಸಿಕ್ಕರಷ್ಟೇ ಸಾಲದು, ಅದು ಹಿಡಿತ ಬಿಡಲೂ ಬಾರದು.

ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಹಳೆಯ ಕಡತವೇನಾದರೂ ಇದ್ದರೆ ಈ ಸಲ ರಜೆಗೆ ಹೋದಾಗ ಬಿಚ್ಚಿ ನೋಡಿ. ಆ ಕಪ್ಪು ಇನ್ನೂ ಉದುರದೆ ನಿಂತಿದೆಯೇ ಎಂದು ನಮಗೂ ಬರೆದು ತಿಳಿಸಿ.